ಚಪಾಲದ ದಡದಲ್ಲಿ ಚಳಿಗಾಲ

ಮೆಕ್ಸಿಕೊದ ಅಹಿಹಿಕ್ ಎಂಬ ಊರಿನಲ್ಲಿ ಜನವರಿಯ ಬೆಳಗು ನಿಧಾನವಾಗಿ ಶುರುವಾಗುತ್ತದೆ. ಎದುರಿಗೆ ಚಪಾಲ ಸರೋವರ, ಬೆನ್ನಿಗೆ ಬೆಟ್ಟದ ಸಾಲು, ನಡುವೆ ಕಲ್ಲು ಹಾಸಿದ ಕಿರಿದಾದ ಬೀದಿಗಳು. ಕೆನಡಾದಿಂದಲೋ ಅಮೆರಿಕದ ಉತ್ತರದ ರಾಜ್ಯಗಳಿಂದಲೋ ಬಂದಿಳಿದ ಹಿರಿಯರು ತೆಳು ಸ್ವೆಟರ್ ಹಾಕಿಕೊಂಡು ದಂಡೆಯ ಕಾಲುದಾರಿಯಲ್ಲಿ ನಡೆಯುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಸ್ವೆಟರ್ ತೆಗೆದು ತೋಳಿಗೆ ಹಾಕಿಕೊಳ್ಳಬೇಕು, ಸಂಜೆಗೆ ಮತ್ತೆ ಬೇಕು. ಒಂದು ಕಾಫಿ, ಒಂದು ಪುಸ್ತಕ, ದೂರದಲ್ಲಿ ಒಂದು ದೋಣಿ. ಇಲ್ಲಿಗೆ ಬಂದವರು ಮಾಡುವುದು ಹೆಚ್ಚುಕಡಿಮೆ ಇಷ್ಟೇ. ನೋಡಲೇಬೇಕಾದ ಪಿರಮಿಡ್ಡು ಇಲ್ಲಿಲ್ಲ, ಮುಳುಗೇಳಲು ಸಮುದ್ರವೂ ಇಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಡಿಸೆಂಬರ್ ರಜೆಗೆ ಮೆಕ್ಸಿಕೊಗೆ ಹೋದರೆ ಸಾಮಾನ್ಯವಾಗಿ ಹೋಗುವುದು ಕಾಂಕುನ್‌ನಂಥ ಕಡಲ ತೀರಕ್ಕೆ. ಚಪಾಲಕ್ಕೆ ಹೋಗುವವರು ಬೇರೆ ಜಾತಿಯ ಪ್ರವಾಸಿಗರು. ಅವರು ಸುಮ್ಮನಿರಲು ಹೋಗುತ್ತಾರೆ.

ಹೀಗೆ ಸುಮ್ಮನಿರುವುದಕ್ಕೂ ಒಂದು ಚರಿತ್ರೆ ಇದೆ. ಯಾವ ಊರೂ ಹುಟ್ಟುತ್ತಲೇ ವಿಶ್ರಾಂತಿಧಾಮವಾಗಿರುವುದಿಲ್ಲ. ಯಾರೋ ಅಲ್ಲಿಗೆ ರೈಲು ತರುತ್ತಾರೆ, ಯಾರೋ ಮೊದಲ ಹೋಟೆಲು ಕಟ್ಟುತ್ತಾರೆ, ಒಬ್ಬ ಅಧ್ಯಕ್ಷ ಬಂದು ಉಳಿದು ಹೋಗುತ್ತಾನೆ, ಒಬ್ಬ ಲೇಖಕ ಕಾದಂಬರಿ ಬರೆಯುತ್ತಾನೆ. ಆಮೇಲೆ ಆ ಊರು ಮೊದಲಿನಿಂದಲೂ ಹಾಗೇ ಇತ್ತೆಂದು ಎಲ್ಲರೂ ನಂಬುತ್ತಾರೆ. ಚಪಾಲದ ಮಟ್ಟಿಗೆ ಈ ಕೆಲಸ ನಡೆದದ್ದು ಸುಮಾರು ನೂರಮೂವತ್ತು ವರ್ಷಗಳಲ್ಲಿ. ಅದೇ ವರ್ಷಗಳಲ್ಲಿ ಸರೋವರದ ನೀರಿಗಾಗಿ, ನೀರು ಸರಿದು ಬಿಟ್ಟ ನೆಲಕ್ಕಾಗಿ ಇನ್ನೊಂದು ಎಳೆದಾಟವೂ ನಡೆಯುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಕಥೆ ಅರ್ಧವಾಗುತ್ತದೆ.

ಮೊದಲು ಜಾಗವನ್ನು ನೋಡೋಣ. ಚಪಾಲ ಮೆಕ್ಸಿಕೊದ ಅತಿ ದೊಡ್ಡ ಸಿಹಿನೀರಿನ ಸರೋವರ. ಪೂರ್ವ-ಪಶ್ಚಿಮವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಸುಮಾರು 1,100 ಚದರ ಕಿಲೋಮೀಟರ್ ಹರವು. ಅದರ ಬಹುಭಾಗ ಹಲಿಸ್ಕೊ ರಾಜ್ಯದಲ್ಲಿದೆ, ಆಗ್ನೇಯದ ಒಂದು ತುಂಡು ಮಿಚೊಅಕಾನ್‌ಗೆ ಸೇರಿದೆ. ಹಲಿಸ್ಕೊದ ರಾಜಧಾನಿ ಗ್ವಾದಲಹಾರ ನಗರ ಉತ್ತರಕ್ಕೆ ಐವತ್ತು ಕಿಲೋಮೀಟರಿನೊಳಗೇ ಇದೆ. ಉಷ್ಣವಲಯದಲ್ಲಿದ್ದರೂ ಸರೋವರ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ, ಅಂದರೆ ಬೆಂಗಳೂರಿಗಿಂತ ಸುಮಾರು ಆರುನೂರು ಮೀಟರ್ ಎತ್ತರದಲ್ಲಿ. ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ನವೆಂಬರ್ ಬಂದರೆ ಆಕಾಶ ತಿಳಿಯಾಗುತ್ತದೆ, ಹಗಲು ಹದವಾದ ಬಿಸಿಲು, ರಾತ್ರಿ ಹೊದಿಕೆ ಕೇಳುವಷ್ಟು ಚಳಿ. ಉತ್ತರದಲ್ಲಿ ಹಿಮ ಸುರಿಯುವಾಗ ಇಲ್ಲಿ ಬೋಗನ್‌ವಿಲ್ಲಾ ಅರಳಿರುತ್ತದೆ.

ಈ ಹವೆಯ ಹೊಗಳಿಕೆಯಲ್ಲಿ ಮರೆತುಹೋಗುವ ಸಂಗತಿ ಸರೋವರದ ಆಳ. ಇಷ್ಟು ಅಗಲವಾದ ಚಪಾಲದ ಸರಾಸರಿ ಆಳ ಕೆಲವೇ ಮೀಟರ್. ಕೊಳವೆಯಂತಲ್ಲ, ತಟ್ಟೆಯಂತೆ. ತಟ್ಟೆಯಲ್ಲಿ ನೀರು ಒಂದು ಬೆರಳಷ್ಟು ಇಳಿದರೆ ಅಂಚಿನಿಂದ ಎಷ್ಟೋ ದೂರ ಸರಿದುಹೋಗುತ್ತದೆ. ಈ ಊರುಗಳ ಅದೃಷ್ಟ, ದುರದೃಷ್ಟ ಎರಡೂ ಆ ತಟ್ಟೆಯ ಆಕಾರದಲ್ಲಿವೆ.

ಸ್ಪೇನಿನವರು ಬರುವ ಮೊದಲು ದಡದಲ್ಲಿದ್ದವರು ಕೋಕಾ ಜನ. ಮೀನು, ಜೊಂಡು, ಮೆಕ್ಕೆಜೋಳ ಅವರ ಬದುಕು. ದೂರದ ಬೆಟ್ಟಗಳಲ್ಲಿ ವಾಸಿಸುವ ವಿಶಾರಿಕ ಜನರಿಗೆ ಈ ಸರೋವರ ಅಂದಿಗೂ ಇಂದಿಗೂ ಪುಣ್ಯಕ್ಷೇತ್ರ. ಅವರ ಲೋಕದ ದಕ್ಷಿಣ ದಿಕ್ಕನ್ನು ಕಾಯುವ ಸ್ಥಳ ಚಪಾಲ ಪಟ್ಟಣದ ಎದುರಿನ ಚೇಳಿನ ದ್ವೀಪದಲ್ಲಿದೆ. ಇವತ್ತು ಪ್ರವಾಸಿಗರು ಮೋಟಾರು ದೋಣಿಯಲ್ಲಿ ಮೀನೂಟಕ್ಕೆ ಹೋಗುವುದೂ ಅದೇ ದ್ವೀಪಕ್ಕೆ. ಒಂದೇ ದೋಣಿಕಟ್ಟೆಯಲ್ಲಿ ಒಬ್ಬರು ಹರಕೆ ಹೊತ್ತು ಇಳಿಯುತ್ತಾರೆ, ಇನ್ನೊಬ್ಬರು ಹಸಿವು ಹೊತ್ತು.

ಹದಿನಾರನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ದಡದ ಊರುಗಳಿಗೆ ಇಗರ್ಜಿಗಳನ್ನೂ ಪಾಲಕ ಸಂತರನ್ನೂ ಕೊಟ್ಟರು. ಅಹಿಹಿಕ್‌ಗೆ ಸಿಕ್ಕವನು ಸಂತ ಅಂದ್ರೆಸ್, ಅಂದರೆ ಯೇಸುವಿನ ಶಿಷ್ಯರಲ್ಲಿ ಮೀನುಗಾರನಾಗಿದ್ದ ಆಂಡ್ರ್ಯೂ. ಬಲೆ ಬೀಸುವ ಊರಿಗೆ ತಕ್ಕ ದೇವರು.

ಈ ಶಾಂತವಾದ ನೀರಿನ ಮೇಲೆ ನಾಲ್ಕು ವರ್ಷ ಯುದ್ಧ ನಡೆದಿತ್ತೆಂದು ಹೇಳಿದರೆ ನಂಬುವುದು ಕಷ್ಟ. ಅಹಿಹಿಕ್‌ನಿಂದ ಪೂರ್ವಕ್ಕೆ, ಉತ್ತರ ದಡದಲ್ಲೇ, ಮೆಸ್ಕಾಲ ಎಂಬ ಹಳ್ಳಿ ಇದೆ, ಅದರ ಎದುರಿಗೆ ಅದೇ ಹೆಸರಿನ ದ್ವೀಪ. ಮೆಕ್ಸಿಕೊದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1812ರ ಕೊನೆಯ ಹೊತ್ತಿಗೆ, ಸುತ್ತಲಿನ ಹಳ್ಳಿಗಳ ಆದಿವಾಸಿಗಳು ಈ ದ್ವೀಪಕ್ಕೆ ಸೇರಿ ಕೋಟೆ ಕಟ್ಟಿಕೊಂಡರು. ಎನ್ಕಾರ್ನಾಸಿಯೋನ್ ರೋಸಾಸ್, ಹೊಸೆ ಸಾಂತ ಅನಾ ಎಂಬ ಸ್ಥಳೀಯ ಮುಖಂಡರು, ಮಾರ್ಕೋಸ್ ಕಾಸ್ತೆಯಾನೋಸ್ ಎಂಬ ಪಾದ್ರಿ ಅವರನ್ನು ಮುನ್ನಡೆಸಿದರು. ಮೊದಮೊದಲು ಅವರ ಕೈಯಲ್ಲಿದ್ದದ್ದು ಕವಣೆ ಮತ್ತು ಕಲ್ಲು. ಬಂದೂಕು, ತೋಪುಗಳನ್ನು ಅವರು ಸೋತ ಶತ್ರುವಿನಿಂದಲೇ ಕಸಿದುಕೊಂಡರು. ಗ್ವಾದಲಹಾರದಿಂದ ಆಳುತ್ತಿದ್ದ ಸ್ಪ್ಯಾನಿಷ್ ಸೇನಾಧಿಕಾರಿ ಹೊಸೆ ದೆ ಲಾ ಕ್ರೂಸ್ ದಂಡೆಯಲ್ಲಿ ಸಾವಿರಾರು ಸೈನಿಕರನ್ನು ನಿಲ್ಲಿಸಿದ, ಪೆಸಿಫಿಕ್ ಕರಾವಳಿಯ ಸಾನ್ ಬ್ಲಾಸ್ ಬಂದರಿನ ನೌಕಾಪಡೆಯ ನೆರವು ತರಿಸಿದ. ಆದರೂ ದ್ವೀಪ ಬೀಳಲಿಲ್ಲ.

ಕೊನೆಗೆ ಅವರನ್ನು ಬಗ್ಗಿಸಿದ್ದು ಹಸಿವು ಮತ್ತು ರೋಗ. ದಂಡೆಯ ಹೊಲಗಳನ್ನು ಸುಟ್ಟು, ದೋಣಿಗಳನ್ನು ತಡೆದು ಸರ್ಕಾರ ದ್ವೀಪವನ್ನು ಸೊರಗಿಸಿತು. 1816ರ ನವೆಂಬರ್‌ನಲ್ಲಿ ಸಂಧಿಯಾಯಿತು. ಗಮನಿಸಬೇಕಾದದ್ದು ಅದು ಶರಣಾಗತಿಯಲ್ಲ, ಒಪ್ಪಂದ. ಬಂಡಾಯಗಾರರಿಗೆ ಕ್ಷಮಾದಾನ ಸಿಕ್ಕಿತು, ಹಾಳಾದ ಹಳ್ಳಿಗಳನ್ನು ಮತ್ತೆ ಕಟ್ಟಿಕೊಳ್ಳಲು ಬೀಜ ಮತ್ತು ದನ ಸಿಕ್ಕವು. ಪಾದ್ರಿ ಕಾಸ್ತೆಯಾನೋಸ್‌ಗೆ ಅಹಿಹಿಕ್‌ನ ಇಗರ್ಜಿಯ ಹೊಣೆ ಬಂತು. ಇಂದು ಆ ಊರಿನ ಒಂದು ಬೀದಿಗೆ ಅವನ ಹೆಸರಿದೆ, ಅದರಲ್ಲಿ ನಡೆಯುವ ಅನೇಕರಿಗೆ ಅದು ಬರೀ ವಿಳಾಸ. ದ್ವೀಪವನ್ನು ಆಮೇಲೆ ಸೆರೆಮನೆ ಮಾಡಿದರು. ಅದರ ಕಲ್ಲಿನ ಗೋಡೆಗಳು ಈಗಲೂ ಅಲ್ಲಿವೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಸರೋವರವನ್ನು ನೋಡುವ ಕಣ್ಣು ಬದಲಾಯಿತು. 1888ರಲ್ಲಿ ಗ್ವಾದಲಹಾರಕ್ಕೆ ರೈಲು ಬಂತು. ಆ ದಾರಿ ಸರೋವರದ ಈಶಾನ್ಯ ಮೂಲೆಯ ಒಕೊತ್ಲಾನ್ ಪಟ್ಟಣವನ್ನು ಹಾದುಹೋಗುತ್ತಿತ್ತು. ಅಲ್ಲಿ ಇಳಿದು ದೋಣಿ ಹತ್ತಿದರೆ ಚಪಾಲ. ಆಗಷ್ಟೇ ಯುರೋಪಿನಲ್ಲಿ ಆರೋಗ್ಯಕ್ಕಾಗಿ ಬಿಸಿನೀರ ಬುಗ್ಗೆಗಳಿಗೆ, ಸರೋವರಗಳ ದಡಕ್ಕೆ ಹೋಗುವುದು ಸಿರಿವಂತರ ರೂಢಿಯಾಗಿತ್ತು, ಚಪಾಲದಲ್ಲೂ ಬಿಸಿನೀರ ಬುಗ್ಗೆಗಳಿದ್ದವು. ಬ್ರಿಟಿಷ್ ರಾಯಭಾರ ಸೇವೆಯಲ್ಲಿದ್ದು ನಿವೃತ್ತನಾಗಿದ್ದ ಸೆಪ್ಟಿಮಸ್ ಕ್ರೋ ಇಲ್ಲಿ ಮನೆಗಳನ್ನು ಕಟ್ಟಿಸಿ, ಕಂಡವರಿಗೆಲ್ಲ ಊರನ್ನು ಹೊಗಳಿದ. 1898ರಲ್ಲಿ ಇಗ್ನಾಸಿಯೊ ಅರ್ಸಪಾಲೊ ನೀರಿನ ಅಂಚಿನಲ್ಲೇ ತನ್ನ ಹೆಸರಿನ ಹೋಟೆಲು ತೆರೆದ. ಗ್ವಾದಲಹಾರದ ಸಿರಿವಂತ ಮನೆತನಗಳು ದಡದಲ್ಲಿ ಬಂಗಲೆಗಳನ್ನು ಎಬ್ಬಿಸಿದವು.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಪೊರ್ಫಿರಿಯೊ ದಿಯಾಸ್ ಕೂಡ ಬರತೊಡಗಿದ. ಮೂರು ದಶಕಗಳಷ್ಟು ಕಾಲ ದೇಶವನ್ನು ಬಿಗಿಹಿಡಿತದಲ್ಲಿ ಆಳಿದ ಈ ಅಧ್ಯಕ್ಷ ಈಸ್ಟರ್‌ಗೆ ಮುಂಚಿನ ಪವಿತ್ರ ವಾರವನ್ನು ಹಲವು ಬಾರಿ ಚಪಾಲದಲ್ಲಿ, ನೆಂಟರ ಮನೆಯಲ್ಲಿ ಕಳೆದ. ಅಧ್ಯಕ್ಷನೇ ರಜೆ ಕಳೆಯುವ ಊರೆಂದ ಮೇಲೆ ಬೇರೆ ಜಾಹೀರಾತು ಬೇಕಿರಲಿಲ್ಲ. ಮೀನುಗಾರರ ಹಳ್ಳಿ ಪಟ್ಟಣವಾಯಿತು.

ಅದೇ ದಶಕದಲ್ಲಿ, ಅದೇ ಸರ್ಕಾರದ ಒಪ್ಪಿಗೆಯಿಂದ, ಸರೋವರದ ಇನ್ನೊಂದು ತುದಿಯಲ್ಲಿ ನಡೆದದ್ದು ಬೇರೆ. ಪೂರ್ವದ ಅಂಚಿನಲ್ಲಿ ಸಿಯೆನೆಗ ಎಂದು ಕರೆಯುವ ವಿಶಾಲವಾದ ಜೌಗುಭೂಮಿ ಇತ್ತು. ಮಳೆಗಾಲದಲ್ಲಿ ಸರೋವರ ಅಲ್ಲಿಗೆ ಹರಡಿ, ಬೇಸಗೆಯಲ್ಲಿ ಹಿಂದೆ ಸರಿಯುತ್ತಿತ್ತು. ಮೀನು ಮೊಟ್ಟೆಯಿಡುವ, ಹಕ್ಕಿ ಗೂಡು ಕಟ್ಟುವ, ಜನ ಜೊಂಡು ಕೊಯ್ಯುವ ನೆಲ ಅದು. ಮಾನ್ವೆಲ್ ಕ್ವೆಸ್ತ ಗಯಾರ್ದೊ ಎಂಬ ದೊಡ್ಡ ಜಮೀನ್ದಾರನಿಗೆ ಅದನ್ನು ಒಣಗಿಸುವ ಪರವಾನಗಿ ದೊರಕಿತು. ಉದ್ದದ ಏರಿ ಕಟ್ಟಿ ನೀರನ್ನು ಹೊರಗಿಟ್ಟರು. ಸುಮಾರು 50 ಸಾವಿರ ಹೆಕ್ಟೇರ್, ಅಂದರೆ ಅಂದಿನ ಸರೋವರದ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಹೊಲವಾಯಿತು. 1911ರಲ್ಲಿ ಇದೇ ಕ್ವೆಸ್ತ ಗಯಾರ್ದೊ ಹಲಿಸ್ಕೊದ ರಾಜ್ಯಪಾಲನಾದ. ಅಷ್ಟರಲ್ಲಿ ಕ್ರಾಂತಿ ಶುರುವಾಗಿತ್ತು. ಅವನು ಕೆಲವೇ ತಿಂಗಳಲ್ಲಿ ಹುದ್ದೆ ಬಿಟ್ಟ, ದಿಯಾಸ್ ದೇಶವನ್ನೇ ಬಿಟ್ಟ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಪಶ್ಚಿಮದಲ್ಲಿ ಸರೋವರ ಒಂದು ನೋಟವಾಗುತ್ತಿತ್ತು: ಹೋಟೆಲಿನ ಕಿಟಕಿಯಿಂದ, ಬಂಗಲೆಯ ಜಗುಲಿಯಿಂದ ಕಾಣುವ ನೀಲಿ. ಪೂರ್ವದಲ್ಲಿ ಅದೇ ಸರೋವರ ಅಳೆದು, ಏರಿ ಹಾಕಿ, ಕಳೆಯಬಹುದಾದ ಲೆಕ್ಕವಾಗುತ್ತಿತ್ತು. ಎರಡೂ ಕಡೆ ಅದನ್ನು ಪಡೆದವರು ಒಂದೇ ವರ್ಗದವರು. ಎರಡೂ ಕಡೆ ಕೇಳದೆ ಉಳಿದದ್ದು ಬಲೆ ಹಾಕುವವನ ಅಭಿಪ್ರಾಯ. ಮುಂದೆ 1930ರ ದಶಕದಲ್ಲಿ, ಸಿಯೆನೆಗದ ಸನಿಹದ ಹಿಕಿಲ್ಪಾನ್‌ನಲ್ಲೇ ಹುಟ್ಟಿದ ಲಾಸರೊ ಕಾರ್ದೆನಾಸ್ ಅಧ್ಯಕ್ಷನಾಗಿದ್ದಾಗ ಈ ನೆಲದಲ್ಲಿ ಬಹಳಷ್ಟು ರೈತರಿಗೆ ಹಂಚಿಕೆಯಾಯಿತು. ನೆಲಕ್ಕೆ ನ್ಯಾಯ ಸಿಕ್ಕಿತು. ನೀರು ಮಾತ್ರ ಆ ಜಾಗಕ್ಕೆ ಮರಳಲಿಲ್ಲ.

ಕ್ರಾಂತಿಯ ನಂತರ ವಿಶ್ರಾಂತಿಯ ಕನಸು ಮತ್ತೆ ಚಿಗುರಿತು. ಕ್ರಿಶ್ಚಿಯನ್ ಶೆತ್ನಾನ್ ಎಂಬ ನಾರ್ವೆಯ ಉದ್ಯಮಿಗೆ ಚಪಾಲಕ್ಕೇ ರೈಲು ತರುವ ಆಸೆ. 1920ರಲ್ಲಿ ರೈಲು ಬಂತು. ವಾಸ್ತುಶಿಲ್ಪಿ ಗಿಯೆರ್ಮೊ ದೆ ಆಲ್ಬ ಕಟ್ಟಿದ ನಿಲ್ದಾಣ ಅರಮನೆಯಂತಿತ್ತು. ಆದರೆ 1926ರ ಮಳೆಗಾಲದಲ್ಲಿ ಸರೋವರ ಉಕ್ಕಿ ಊರೊಳಗೆ ಬಂತು, ಬೀದಿಗಳಲ್ಲಿ ದೋಣಿ ಓಡಾಡಿತು, ರೈಲು ನಿಂತಿತು. ಮತ್ತೆ ಅದು ಓಡಲೇ ಇಲ್ಲ. ಆರೇ ವರ್ಷದ ರೈಲಿಗೆ ಅಷ್ಟು ಚಂದದ ನಿಲ್ದಾಣ! ಅದು ದಶಕಗಳ ಕಾಲ ಪಾಳುಬಿದ್ದು, ಈಗ ಸಾಂಸ್ಕೃತಿಕ ಕೇಂದ್ರವಾಗಿದೆ. ರೈಲಿನ ಬದಲು ಚಿತ್ರಪ್ರದರ್ಶನಗಳು ಬಂದು ಹೋಗುತ್ತವೆ.

ಆ ರೈಲು ಇನ್ನೂ ಓಡುತ್ತಿದ್ದ ಕಾಲದಲ್ಲಿ, 1923ರ ಮೇ ತಿಂಗಳಲ್ಲಿ, ಡಿ. ಎಚ್. ಲಾರೆನ್ಸ್ ಚಪಾಲಕ್ಕೆ ಬಂದ. ಹೆಂಡತಿ ಫ್ರೀಡಾ ಜೊತೆಗೆ ಒಂದು ಮನೆ ಬಾಡಿಗೆಗೆ ಹಿಡಿದು, ಬೆಳಗ್ಗೆ ನೀರಿನ ಅಂಚಿನ ಮರದ ಕೆಳಗೆ ಕೂತು ಬರೆಯುತ್ತ, ಎರಡು ತಿಂಗಳಿನೊಳಗೆ ಒಂದು ಕಾದಂಬರಿಯ ಮೊದಲ ಕರಡು ಮುಗಿಸಿದ. ಅದನ್ನು ಮತ್ತೆ ಬರೆದು 1926ರಲ್ಲಿ ‘ದಿ ಪ್ಲೂಮ್ಡ್ ಸರ್ಪೆಂಟ್’ ಎಂದು ಪ್ರಕಟಿಸಿದ. ಅದರಲ್ಲಿ ಚಪಾಲಕ್ಕೆ ಸಯೂಲ ಎಂಬ ಹೆಸರಿದೆ. ಯುರೋಪಿನಿಂದ ದಣಿದು ಬಂದ ಒಬ್ಬ ಐರಿಷ್ ಹೆಂಗಸು, ಸರೋವರದ ದಡದಲ್ಲಿ ಹಳೆಯ ಅಸ್ತೆಕ್ ದೇವರುಗಳನ್ನು ಎಬ್ಬಿಸಲು ಹೊರಟ ಮುಖಂಡರು, ಡೋಲಿನ ಸದ್ದು, ಬಲಿ. ಲಾರೆನ್ಸನಿಗೆ ಬೇಕಾಗಿದ್ದದ್ದು ಯಂತ್ರನಾಗರಿಕತೆಗೆ ಒಂದು ಉತ್ತರ. ಅದನ್ನು ಅವನು ಈ ನೀರಿನೊಳಗೆ ಹುಡುಕಿದ. ಸರೋವರದ ಬೆಳಕು, ಧೂಳು, ಸಂಜೆಯ ಗಾಳಿಯನ್ನು ಅವನಷ್ಟು ಚೆನ್ನಾಗಿ ಕಂಡವರು ಕಡಿಮೆ. ಆದರೆ ದೋಣಿ ನಡೆಸುವವನ ಒಳಗೆ ಅವನು ಕಂಡದ್ದು ಪುರಾತನ ದೇವರನ್ನು. ನೂರು ವರ್ಷ ಹಿಂದೆ ಅಂಥದೇ ದೋಣಿಯವರು ಸೈನ್ಯವನ್ನು ತಡೆದು ನಿಲ್ಲಿಸಿ, ಸಂಧಿಯ ಷರತ್ತುಗಳನ್ನು ಮಾತಾಡಿ ಗೆದ್ದಿದ್ದರು. ದೇವರನ್ನು ಕಾಣುವ ಆತುರದಲ್ಲಿ ರಾಜಕಾರಣ ಬಲ್ಲ ಮನುಷ್ಯ ಕಾದಂಬರಿಯಿಂದ ಜಾರಿಹೋದ.

ಆಮೇಲೆ ಬಂದವರ ಸಾಲು ದೊಡ್ಡದು. ಲಾರೆನ್ಸನ ಜೊತೆಗೆ ಬಂದಿದ್ದ ಕವಿ ವಿಟರ್ ಬಿನ್ನರ್ ಮುಂದೆ ಚಪಾಲದಲ್ಲೇ ಮನೆ ಕೊಂಡ. 1945ರ ಬೇಸಗೆಯಲ್ಲಿ ಟೆನೆಸೀ ವಿಲಿಯಮ್ಸ್ ಇಲ್ಲಿ ಉಳಿದು, ಮುಂದೆ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಆಗಲಿದ್ದ ನಾಟಕದ ಮೇಲೆ ಕೆಲಸ ಮಾಡಿದ. ಸಿಬಿಲ್ ಬೆಡ್‌ಫರ್ಡ್ 1953ರಲ್ಲಿ ಪ್ರಕಟಿಸಿದ ಪ್ರವಾಸಕಥನ ಈಗ ‘ಎ ವಿಸಿಟ್ ಟು ಡಾನ್ ಒತಾವಿಯೊ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರ ಹೃದಯಭಾಗ ಈ ದಡದಲ್ಲಿ ನಡೆಯುತ್ತದೆ. ಕ್ರಾಂತಿಯಲ್ಲಿ ಜಮೀನು ಕಳೆದುಕೊಂಡ ಹಳೆಯ ಮನೆತನವೊಂದು ತನ್ನ ದೊಡ್ಡ ಮನೆಯನ್ನು ಹೋಟೆಲು ಮಾಡಲು ಲೆಕ್ಕ ಹಾಕುವುದನ್ನು ಬೆಡ್‌ಫರ್ಡ್ ನಗುತ್ತ ನೋಡುತ್ತಾಳೆ. ಚರಿತ್ರೆಯ ವಿದ್ಯಾರ್ಥಿಗೆ ಅದು ಲಾರೆನ್ಸನ ದೇವರುಗಳಿಗಿಂತ ಹೆಚ್ಚು ಹೇಳುತ್ತದೆ. ಜಮೀನ್ದಾರಿಕೆ ಹೋದ ಮೇಲೆ ಆತಿಥ್ಯವೇ ಹೊಸ ಬೆಳೆಯಾಯಿತು.

ಇಷ್ಟು ಹೊತ್ತಿಗೆ ಕಥೆ ಚಪಾಲ ಪಟ್ಟಣದಿಂದ ಪಶ್ಚಿಮಕ್ಕೆ ಕೆಲವು ಕಿಲೋಮೀಟರ್ ದೂರದ ಅಹಿಹಿಕ್‌ಗೆ ಸರಿದಿತ್ತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅದು ಅಗ್ಗದ, ದೂರದ ಹಳ್ಳಿ. ಪೀಟರ್ ಲಿಲ್ಲಿ, ನೈಜೆಲ್ ಮಿಲೆಟ್ ಎಂಬ ಇಬ್ಬರು ಇಂಗ್ಲಿಷರು ‘ಡೇನ್ ಶಾಂಡೋಸ್’ ಎಂಬ ಒಂದೇ ಗುಪ್ತನಾಮದಲ್ಲಿ ಇಲ್ಲಿನ ಬದುಕನ್ನು ಕುರಿತು ಬರೆದ ‘ವಿಲೇಜ್ ಇನ್ ದಿ ಸನ್’ 1945ರಲ್ಲಿ ಹೊರಬಂತು. ಮನೆ ಕಟ್ಟಿಸುವ ಪಾಡು, ಅಡುಗೆಯವರ ಜಗಳ, ಹಬ್ಬ, ಮಳೆ ಅದರ ವಸ್ತು. ಬಿಸಿಲಿನ ಹಳ್ಳಿಯೊಂದರಲ್ಲಿ ನಿಧಾನವಾಗಿ ಬದುಕಬಹುದೆಂಬ ಆಸೆಯನ್ನು ಎಷ್ಟೋ ಓದುಗರಲ್ಲಿ ಬಿತ್ತಿದ ಪುಸ್ತಕ ಅದು.

1943ರಲ್ಲಿ ಬಂದ ಅಮೆರಿಕದ ಪ್ರವಾಸ ಲೇಖಕಿ ನೀಲ್ ಜೇಮ್ಸ್‌ಳದು ಬೇರೆ ದಾರಿ. ಪೊಪೊಕತೆಪೆತ್ಲ್ ಜ್ವಾಲಾಮುಖಿ ಹತ್ತುವಾಗ ಗಾಯಗೊಂಡು, ಚೇತರಿಸಿಕೊಳ್ಳಲು ಅಹಿಹಿಕ್‌ಗೆ ಬಂದವಳು ಅಲ್ಲೇ ಉಳಿದಳು. ಊರ ಹೆಣ್ಣುಮಕ್ಕಳಿಗೆ ಕಸೂತಿ, ನೇಯ್ಗೆಯಿಂದ ಸಂಪಾದನೆಯ ದಾರಿ ಮಾಡಿದಳು. ಹಿಪ್ಪುನೇರಳೆ ನೆಟ್ಟು ರೇಷ್ಮೆಹುಳು ಸಾಕುವ ಪ್ರಯತ್ನವನ್ನೂ ಮಾಡಿದಳು. ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಇದು ಎಷ್ಟು ದುಡಿತದ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗಾಗಿ ಗ್ರಂಥಾಲಯ ತೆರೆದಳು. ಕೊನೆಗೆ ತನ್ನ ಮನೆ, ತೋಟವನ್ನು ವಿದೇಶಿ ನಿವಾಸಿಗಳ ಸಂಘಕ್ಕೆ ಬಿಟ್ಟುಕೊಟ್ಟು, ನೂರು ತುಂಬಲು ಕೆಲವೇ ತಿಂಗಳಿರುವಾಗ 1994ರಲ್ಲಿ ತೀರಿಕೊಂಡಳು. ಬಂದವರೆಲ್ಲ ಬರೀ ನೋಡಿ ಹೋದವರಲ್ಲ ಎಂಬುದಕ್ಕೆ ಅವಳು ಸಾಕ್ಷಿ.

1955ರಲ್ಲಿ ಶುರುವಾದ ಆ ಸಂಘ, ಲೇಕ್ ಚಪಾಲ ಸೊಸೈಟಿ, ಇಂದಿಗೂ ನಡೆಯುತ್ತಿದೆ. ಚಳಿಗಾಲದ ಅತಿಥಿಗಳು ಕಾಯಂ ನಿವಾಸಿಗಳಾದದ್ದರಲ್ಲಿ ಕಾನೂನಿನ ಪಾಲೂ ಇದೆ. ಮೆಕ್ಸಿಕೊದ ಸಂವಿಧಾನದ 27ನೇ ವಿಧಿ ಗಡಿಯಿಂದ 100 ಕಿಲೋಮೀಟರ್, ಕಡಲಿನಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಭೂಮಿ ಹೊಂದುವುದನ್ನು ತಡೆಯುತ್ತದೆ. ಚಪಾಲ ಆ ಪಟ್ಟಿಯಾಚೆಗಿದೆ. ಕಡಲ ಪಕ್ಕದಲ್ಲಿ ಬ್ಯಾಂಕಿನ ಮೂಲಕ ಸುತ್ತಿಬಳಸಿ ಮಾಡಬೇಕಾದದ್ದನ್ನು ಇಲ್ಲಿ ಸ್ವಂತ ಹೆಸರಿನಲ್ಲೇ ಮಾಡಬಹುದು. ಡಾಲರಿನಲ್ಲಿ ಬರುವ ಪಿಂಚಣಿ, ಪೆಸೊದಲ್ಲಿ ಆಗುವ ಖರ್ಚು ಉಳಿದದ್ದನ್ನು ಮಾಡಿದವು. ಕೆಲಸ ಹುಟ್ಟಿತು, ಅಂಗಡಿ ಹುಟ್ಟಿತು. ಜೊತೆಗೇ ನೆಲದ ಬೆಲೆಯೂ ಏರಿತು. ಅಜ್ಜ ಮೀನು ಹಿಡಿಯುತ್ತಿದ್ದ ದಂಡೆಯ ಪಕ್ಕ ಮೊಮ್ಮಗನಿಗೆ ಮನೆ ಕೊಳ್ಳಲಾಗದ ಸ್ಥಿತಿ ಬಂತು. ಊರು ನಿಧಾನವಾಗಿ ಬೆಟ್ಟದ ಕಡೆಗೆ ಸರಿಯಿತು. 2020ರಲ್ಲಿ ಸರ್ಕಾರ ಅಹಿಹಿಕ್‌ಗೆ ‘ಮಾಂತ್ರಿಕ ಊರು’ ಎಂಬ ಬಿರುದು ಕೊಟ್ಟ ಮೇಲೆ ವಾರಾಂತ್ಯದ ಗದ್ದಲ ಇನ್ನಷ್ಟು ಹೆಚ್ಚಿದೆ.

ಇಷ್ಟೆಲ್ಲ ನಿಂತಿರುವುದು ಆ ತಟ್ಟೆಯ ನೀರಿನ ಮೇಲೆ. ಚಪಾಲಕ್ಕೆ ನೀರು ತರುವ ಮುಖ್ಯ ನದಿ ಲೆರ್ಮ. ಅದು ಐದು ರಾಜ್ಯಗಳ ನೆಲದಿಂದ ನೀರು ಕೂಡಿಸಿಕೊಂಡು ಬರುತ್ತದೆ. ದಾರಿಯುದ್ದಕ್ಕೂ ಅಣೆಕಟ್ಟು, ಕಾಲುವೆ, ಕಾರ್ಖಾನೆ. 1951ರಿಂದ ನದಿಯ ಮೇಲ್ಭಾಗದ ನೀರು ಮೆಕ್ಸಿಕೊ ಸಿಟಿಗೂ ಹೋಗತೊಡಗಿತು. ಕೆಳಗೆ ಗ್ವಾದಲಹಾರ ಕಾಯುತ್ತಿರುತ್ತದೆ. 1990ರ ದಶಕದ ಆರಂಭದಲ್ಲಿ ಸರೋವರದಿಂದ ನೇರ ಕೊಳವೆಮಾರ್ಗ ಬಂದ ಮೇಲೆ ಆ ಮಹಾನಗರ ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಪಾಲದ್ದು. ಮೇಲಿನವರು ಬಿಟ್ಟರೆ ಕೆಳಗಿನವರಿಗೆ ಎಂಬ ಈ ಸಂಕಟ ಕಾವೇರಿಯ ಸುದ್ದಿ ಓದಿ ಬೆಳೆದವರಿಗೆ ಹೊಸದೇನಲ್ಲ.

1950ರ ದಶಕದ ನಡುವಿನ ಬರದಲ್ಲಿ ಸರೋವರ ಹಿಂದೆಂದೂ ಕಾಣದಷ್ಟು ಇಳಿಯಿತು. ಗ್ವಾದಲಹಾರದ ಪಕ್ಕದ ಸಪೋಪಾನ್‌ನಿಂದ ಮಾತೆ ಮರಿಯಳ ಪುಟ್ಟ ವಿಗ್ರಹವನ್ನು ಮಳೆಗಾಗಿ ಚಪಾಲಕ್ಕೆ ಮೆರವಣಿಗೆಯಲ್ಲಿ ತಂದರು. ವರ್ಷಕ್ಕೊಮ್ಮೆ ಅವಳು ಸರೋವರವನ್ನು ನೋಡಲು ಬರುವ ಪದ್ಧತಿ ಈಗಲೂ ಇದೆ. 2001-02ರಲ್ಲಿ ಮತ್ತೆ ಅದೇ ಪಾಡು. ತುಂಬಿದಾಗಿನ ನೀರಿನಲ್ಲಿ ಐದನೇ ಒಂದು ಭಾಗವೂ ಉಳಿದಿರಲಿಲ್ಲ. ಚಪಾಲದ ದೋಣಿಕಟ್ಟೆ ನೀರಿಲ್ಲದೆ ಒಣನೆಲದ ಮೇಲೆ ನಿಂತಿತ್ತು. ಸರಿದ ನೀರು ಬಿಟ್ಟ ನೆಲದಲ್ಲಿ ಜೋಳ ಬೆಳೆದರು, ದನ ಮೇಯಿಸಿದರು. ಕಾನೂನಿನ ಪ್ರಕಾರ ಅದು ರಾಷ್ಟ್ರದ ಸೊತ್ತು, ಆದರೂ ಕೆಲವರು ಬೇಲಿ ಹಾಕಿದರು. 2003ರಲ್ಲಿ ಒಳ್ಳೆಯ ಮಳೆಯಾಗಿ ಸರೋವರ ಚೇತರಿಸಿಕೊಂಡಿತು. 2004ರಲ್ಲಿ ಲೆರ್ಮ ಕಣಿವೆಯ ರಾಜ್ಯಗಳ ನಡುವೆ ನೀರು ಹಂಚಿಕೆಯ ಹೊಸ ಒಪ್ಪಂದವಾಯಿತು, 2009ರಲ್ಲಿ ಚಪಾಲ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗೆಂದು ಅಪಾಯ ಕಳೆದಿಲ್ಲ. ಒಂದು ಕೆಟ್ಟ ಮಳೆಗಾಲಕ್ಕೆ ದಡ ಮತ್ತೆ ಸರಿಯುತ್ತದೆ. ನೀರಿನ ಮೇಲೆ ಆಗಾಗ ಹಬ್ಬುವ ನೇರಳೆ ಹೂವಿನ ಜಲಕುಂಭಿಯನ್ನು ನಾವು ಬೆಂಗಳೂರಿನ ಕೆರೆಗಳಲ್ಲೂ ಕಾಣುತ್ತೇವೆ. ದಕ್ಷಿಣ ಅಮೆರಿಕದ ಈ ಕಳೆ ಎರಡೂ ಕಡೆ ಒಂದೇ ಮಾತು ಹೇಳುತ್ತದೆ: ನೀರಿಗೆ ಗೊಬ್ಬರ, ಕೊಳಚೆ ಸೇರುತ್ತಿದೆ.

ಮೀನಿನ ಕಥೆಯೂ ಹೀಗೇ. ಈ ನೀರಿನದೇ ಆದ ‘ಬಿಳಿಮೀನು’ ಒಂದು ಕಾಲಕ್ಕೆ ಹೋಟೆಲುಗಳ ಹೆಮ್ಮೆ. ಈಗ ಅದು ಅಪರೂಪ. ಬಲೆಗೆ ಹೆಚ್ಚಾಗಿ ಬೀಳುವುದು ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ, ಗೆಂಡೆ. ಬೆರಳುದ್ದದ ಚರಾಲ್ ಮೀನನ್ನು ಮಾತ್ರ ಇನ್ನೂ ಒಣಗಿಸಿ, ಕರಿದು, ನಿಂಬೆ ಹಿಂಡಿ ಕೊಡುತ್ತಾರೆ. ಇಲ್ಲಿನ ಮೀನಿನ ಸಾರಿಗೆ ‘ಮಿಚಿ’ ಎಂಬ ಹೆಸರು. ಅದು ನಾವತ್ಲ್ ಭಾಷೆಯಲ್ಲಿ ಮೀನಿಗಿರುವ ಮಾತು, ಮಿಚೊಅಕಾನ್ ಹೆಸರಿನೊಳಗೂ ಅದೇ ಇದೆ. ಆ ಸಾರಿಗೆ ಬೀಳುವ ಟೊಮ್ಯಾಟೊ ಕೂಡ ನಾವತ್ಲ್ ಪದವೇ. ಮಿಚಿ ಅಲ್ಲೇ ಉಳಿಯಿತು, ಟೊಮ್ಯಾಟೊ ಮಾತ್ರ ಹಡಗು ಹತ್ತಿ ನಮ್ಮ ಸಾರಿನವರೆಗೆ ಬಂತು.

ಇಷ್ಟು ಓದಿದವರಿಗೆ ಚಪಾಲದಲ್ಲಿ ವಿಶ್ರಾಂತಿ ಬರೀ ಹೊರಗಿನವರದು ಎನಿಸಬಹುದು. ಹಾಗಿಲ್ಲ. ಊರಿನವರಿಗೂ ಚಳಿಗಾಲವೇ ಬಿಡುವಿನ ಕಾಲ. ಮಳೆ ಮುಗಿದಿರುತ್ತದೆ, ಜೋಳ ಮನೆ ಸೇರಿರುತ್ತದೆ. ನವೆಂಬರ್ 30ಕ್ಕೆ ಮುಗಿಯುವ ಒಂಬತ್ತು ದಿನಗಳ ಸಂತ ಅಂದ್ರೆಸನ ಹಬ್ಬದಲ್ಲಿ ಅಹಿಹಿಕ್‌ನ ಚೌಕ ವಾದ್ಯ, ಪಟಾಕಿ, ತಿಂಡಿಗಾಡಿಗಳಿಂದ ತುಂಬುತ್ತದೆ. ಡಿಸೆಂಬರ್ 16ರಿಂದ ಪೊಸಾದಾ: ಮರಿಯ, ಜೋಸೆಫರಂತೆ ಮನೆಮನೆ ಬಾಗಿಲು ತಟ್ಟಿ ತಂಗಲು ಜಾಗ ಕೇಳುವ ಆಚರಣೆ. ಮೊದಲು ಹಾಡಿನಲ್ಲೇ ಇಲ್ಲ ಅನ್ನುತ್ತಾರೆ, ಕೊನೆಗೆ ಒಂದು ಮನೆ ಬಾಗಿಲು ತೆರೆಯುತ್ತದೆ. ಬಂದವರಿಗೆ ಜಾಗ ಕೊಡುವುದೇ ಹಬ್ಬವಾಗಿರುವ ಊರಿದು. ಫೆಬ್ರವರಿ ಹೊತ್ತಿಗೆ ಕಾರ್ನಿವಲ್. ಮುಖವಾಡ ಹಾಕಿ, ಹೆಂಗಸರ ವೇಷ ತೊಟ್ಟ ‘ಸಯಾಕ’ಗಳು ಬೀದಿಯಲ್ಲಿ ಕುಣಿಯುತ್ತ ಸಿಕ್ಕವರ ತಲೆಗೆ ಹಿಟ್ಟು ಎರಚುತ್ತಾರೆ. ವಿದೇಶಿ ಅಜ್ಜನಿಗೂ ಊರ ಹುಡುಗನಿಗೂ ಒಂದೇ ಹಿಟ್ಟು.

ಹಕ್ಕಿಗಳಿಗೂ ಇದೇ ಕಾಲ. ಉತ್ತರ ಅಮೆರಿಕದಿಂದ ಬಿಳಿ ಹೆಜ್ಜಾರ್ಲೆಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಮಾರ್ಚ್‌ವರೆಗೆ ಉಳಿಯುತ್ತವೆ. ದಕ್ಷಿಣ ದಡದ ಪೆತತಾನ್ ಎಂಬ ಊರಿನಲ್ಲಿ ಮೀನು ಹಸನುಮಾಡುವವರು ಉಳಿದ ತುಣುಕುಗಳನ್ನು ಎಸೆದಾಗ ನೀರೆಲ್ಲ ಬೆಳ್ಳಗಾಗುತ್ತದೆ. ಚಳಿಗೆ ಓಡಿಬರುವ ನಿವೃತ್ತರನ್ನೂ ಉತ್ತರದವರು ತಮಾಷೆಗೆ ‘ಹಿಮಹಕ್ಕಿ’ಗಳೆಂದೇ ಕರೆಯುತ್ತಾರೆ. ಇಬ್ಬರಿಗೂ ಬೇಕಾದದ್ದು ಒಂದೇ, ದಡದ ಬಳಿ ನೀರು.

ಮೆಸ್ಕಾಲದವರು ಮಾತ್ರ ನವೆಂಬರ್‌ನಲ್ಲಿ ಇನ್ನೊಂದು ಕೆಲಸ ಮಾಡುತ್ತಾರೆ. ದೋಣಿಗಳಲ್ಲಿ ದ್ವೀಪಕ್ಕೆ ಹೋಗಿ, 1816ರ ಒಪ್ಪಂದದವರೆಗೆ ಕಾದಾಡಿದವರನ್ನು ನೆನೆಯುತ್ತಾರೆ. ತಮ್ಮ ಸಾಮೂಹಿಕ ಭೂಮಿಯ ಒತ್ತುವರಿಯ ವಿರುದ್ಧ ಇತ್ತೀಚಿನವರೆಗೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಮುದಾಯ ಅದು. ಹಾಗಾಗಿ ಆ ಸ್ಮರಣೆ ಅವರಿಗೆ ಹಳೆಯ ಕಥೆಯಲ್ಲ. ಅಹಿಹಿಕ್‌ನ ಬೆಂಚಿನಲ್ಲಿ ಕೂತವರಿಗೆ ಆ ದ್ವೀಪ ಕಾಣುವುದಿಲ್ಲ, ಪೂರ್ವಕ್ಕೆ ಒಂದಷ್ಟು ದೂರ ಹೋಗಬೇಕು. ರಜೆಯಲ್ಲಿ ಒಂದು ದಿನ ಬಿಡುವಾದರೆ ಹೋಗಬಹುದು. ಹಳ್ಳಿಯ ದಡದಲ್ಲಿ ದೋಣಿಯವರಿರುತ್ತಾರೆ.